‘ಟ್ಯಾಕ್ಸ್ ಎಲ್ಲಾ ಸೇರಿ’ ಅಂದರೆ ಕೈಗೆ ಎಷ್ಟು? ಫ್ರೀಲಾನ್ಸ್ ದರ, ಜಿಎಸ್‌ಟಿ, ಟಿಡಿಎಸ್ ಲೆಕ್ಕ

ಪಿಕ್ಸೆಲ್_ಹುಬ್ಬಳ್ಳಿ
ನಮಸ್ಕಾರ ರೀ ಎಲ್ಲಾರಿಗೂ. ಯುಐ ಡಿಸೈನ್ (ಆ್ಯಪ್, ವೆಬ್‌ಸೈಟ್ ಪರದೆ ವಿನ್ಯಾಸ) ಕೆಲಸ, ಕೂಡೂದು ಹುಬ್ಬಳ್ಳಿಯೊಳಗ. ಬೆಂಗಳೂರಿನ ಒಂದು ಕಂಪನಿಗೆ ತಿಂಗಳಿಗೆ ₹1,50,000 ಬಿಲ್, ಅದಕ್ಕ 16 ದಿನದ ಕೆಲಸ. ಸಿಂಗಾಪುರದ ಕ್ಲೈಂಟ್‌ಗೆ ತಿಂಗಳಿಗೆ ಸುಮಾರು ₹40,000. ಎರಡೂ 2025ರ ಏಪ್ರಿಲ್‌ನಿಂದ ನಡದಾವು, ಬಿಲ್ ತಿಂಗಳ ಕಡೀ ದಿನ ಕಳಸೂದು. ಜಿಎಸ್‌ಟಿ ನೋಂದಣಿ ಇನ್ನೂ ಇಲ್ಲ.

ಮುಂದಿನ ವರ್ಷದ ಕರಾರಿನ ಕರಡು ಬಂದೈತಿ. ಅದರಾಗ ‘₹1,50,000, ಎಲ್ಲಾ ತೆರಿಗೆ ಸೇರಿ’ ಅಂತ ಬರದಾರ. ಇದಕ್ಕ ಸಹಿ ಹಾಕಬಹುದಾ? ಕಂಪನಿ ಈಗಾಗಲೇ 10% ಟಿಡಿಎಸ್ ಹಿಡೀತೈತಿ, ಅದರ ಮ್ಯಾಲೆ ಜಿಎಸ್‌ಟಿನೂ ಬಂದ್ರ ಎರಡು ಸಲ ತೆರಿಗೆ ಕೊಟ್ಟಂಗ ಆಗೂದಿಲ್ಲೇನು? ಬಲ್ಲವರು ಬಿಡಿಸಿ ಹೇಳ್ರಿ.

ಖಾತೆಕಿರ್ದಿ
ಸಹಿ ಹಾಕಬೇಡಿ. ಮೊದಲು ‘ಎಲ್ಲಾ ತೆರಿಗೆ ಸೇರಿ’ ಅನ್ನುವ ಆ ಮೂರು ಶಬ್ದದ ಬೆಲೆ ನೋಡಿ.

ನೀವು ನೋಂದಣಿ ಆದ ದಿನದಿಂದ ಡಿಸೈನ್ ಸೇವೆಗೆ 18% ಜಿಎಸ್‌ಟಿ. ‘ತೆರಿಗೆ ಸೇರಿ ₹1,50,000’ ಅಂದರೆ ಆ ಮೊತ್ತವನ್ನು 1.18ರಿಂದ ಭಾಗಿಸಬೇಕು. ನಿಮ್ಮ ಶುಲ್ಕ ₹1,27,119ಕ್ಕೆ ಇಳಿಯುತ್ತದೆ, ಉಳಿದ ₹22,881 ಸರ್ಕಾರಕ್ಕೆ. ವರ್ಷಕ್ಕೆ ಸುಮಾರು ₹2.75 ಲಕ್ಷ ನಿಮ್ಮ ಜೇಬಿನಿಂದ ಹೋಯಿತು. (1,50,000ದ 18% ಕಳೆದು 1,23,000 ಅಂತ ಲೆಕ್ಕ ಹಾಕುವವರು ಬಹಳ ಜನ ಇದ್ದಾರೆ, ಅದು ತಪ್ಪು. ಒಳಗಿನ ತೆರಿಗೆ ತೆಗೆಯಲು ಯಾವಾಗಲೂ 118ರಿಂದ ಭಾಗಿಸಿ 100ರಿಂದ ಗುಣಿಸಬೇಕು.)

ಕಂಪನಿಗೆ ಇದರಲ್ಲಿ ಏನು ಲಾಭ ನೋಡಿ. ಅವರು ಜಿಎಸ್‌ಟಿ ನೋಂದಾಯಿತರು, ಅವರ ಮಾರಾಟವೂ ತೆರಿಗೆಗೆ ಒಳಪಟ್ಟಿದ್ದು ಅಂತಾದರೆ ನೀವು ಹಾಕಿದ ಜಿಎಸ್‌ಟಿಯನ್ನು ಪೂರ್ತಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯುತ್ತಾರೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳುತ್ತಾರೆ. ಅಂದರೆ ₹1,50,000ಕ್ಕೆ ಜಿಎಸ್‌ಟಿ ಪ್ರತ್ಯೇಕ ಸೇರಿಸಿ ₹1,77,000 ಬಿಲ್ ಕೊಟ್ಟರೂ ಅವರಿಗೆ ಬೀಳುವ ಖರ್ಚು ಈಗಿನ ₹1,50,000ವೇ. ‘ಸೇರಿ’ ಅಂತ ಬರೆದರೆ ಅವರ ಖರ್ಚು ₹1,27,119ಕ್ಕೆ ಇಳಿಯುತ್ತದೆ. ಅದು ತೆರಿಗೆ ವಿಷಯವೇ ಅಲ್ಲ, ನಿಮ್ಮ ದರ 15% ಇಳಿಸಿದ ಹಾಗೆ. ಮಾತುಕತೆಯಲ್ಲಿ ಇದನ್ನೇ ನೇರವಾಗಿ ಮುಂದಿಡಿ.

ಕರಾರಿನಲ್ಲಿ ಇರಬೇಕಾದ ಸಾಲು: ‘ಶುಲ್ಕ ತಿಂಗಳಿಗೆ ₹1,50,000. ಅನ್ವಯಿಸುವ ಜಿಎಸ್‌ಟಿ ಇದರ ಮೇಲೆ ಪ್ರತ್ಯೇಕ. ಟಿಡಿಎಸ್ ಕಡಿತ ಜಿಎಸ್‌ಟಿ ಹೊರತಾದ ಮೊತ್ತದ ಮೇಲೆ ಮಾತ್ರ.’

ಬಿಲ್ ಹೀಗೆ ಬರುತ್ತದೆ:
ಶುಲ್ಕ ₹1,50,000
ಸಿಜಿಎಸ್‌ಟಿ (ಕೇಂದ್ರದ ಪಾಲು) 9% ₹13,500
ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 9% ₹13,500
ಒಟ್ಟು ₹1,77,000
ಕಂಪನಿ ಹಿಡಿಯುವ ಟಿಡಿಎಸ್ ₹15,000 (1,50,000ದ 10%)
ಖಾತೆಗೆ ಬರುವುದು ₹1,62,000

ಈ 1,62,000ದಲ್ಲಿ 27,000 ನಿಮ್ಮದಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿಡಿ. ಅದನ್ನು ಖರ್ಚು ಮಾಡಿ ಕೊನೆಗೆ ಸಾಲ ತಂದು ಜಿಎಸ್‌ಟಿ ಕಟ್ಟುವ ಪರಿಸ್ಥಿತಿ ಬರಬಾರದು.

ಟಿಡಿಎಸ್ ಮತ್ತು ಜಿಎಸ್‌ಟಿ ಎರಡು ಸಲದ ತೆರಿಗೆ ಅಲ್ಲ. ಜಿಎಸ್‌ಟಿ ಕೊಳ್ಳುವವರ ತೆರಿಗೆ, ನೀವು ವಸೂಲಿ ಮಾಡಿ ಕಟ್ಟುತ್ತೀರಿ. ಟಿಡಿಎಸ್ ನಿಮ್ಮದೇ ಆದಾಯ ತೆರಿಗೆಯ ಮುಂಗಡ, ರಿಟರ್ನ್ ಹಾಕಿದಾಗ ಹೊಂದಾಣಿಕೆ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತ್ಯೇಕ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯುವಂತಿಲ್ಲ, ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) 2017ರ ಸುತ್ತೋಲೆ 23 ಇದನ್ನು ಸ್ಪಷ್ಟಪಡಿಸಿದೆ. ಲೆಕ್ಕ ವಿಭಾಗ 1,77,000ದ ಮೇಲೆ 17,700 ಹಿಡಿದರೆ ಸುತ್ತೋಲೆ ಸಂಖ್ಯೆ ಹಾಕಿ ಮೇಲ್ ಮಾಡಿ.

ಕುಡ್ಲ_ಅನುವಾದ
ಅವರಿಗೆ ನೋಂದಣಿಯೇ ಬೇಡ ಅಲ್ಲವಾ? ಬೆಂಗಳೂರಿನ 1.5 ಲಕ್ಷ ಗುಣಿಸು 12 ಅಂದರೆ 18 ಲಕ್ಷ. ಸೇವೆಗೆ ಮಿತಿ 20 ಲಕ್ಷ. ಸಿಂಗಾಪುರದ್ದು ರಫ್ತು, ಶೂನ್ಯ ದರ. ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಕೇಳಿದ್ದೇನೆ.

ರಫ್ತುಲೆಕ್ಕ
ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇದೇ. ತೆರಿಗೆ ಶೂನ್ಯ ಆಗುವುದು ಬೇರೆ, ವಹಿವಾಟಿನಲ್ಲಿ ಸೇರುವುದು ಬೇರೆ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 2(6) ಪ್ರಕಾರ ಒಟ್ಟು ವಹಿವಾಟು ಅಂದರೆ ಒಂದೇ ಪ್ಯಾನ್ ಅಡಿಯ ತೆರಿಗೆಯ ಪೂರೈಕೆ, ವಿನಾಯಿತಿ ಇರುವ ಪೂರೈಕೆ, ರಫ್ತು, ಅಂತರರಾಜ್ಯ ಪೂರೈಕೆ ಎಲ್ಲವೂ. ಅಂಗಡಿ ಮಳಿಗೆ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆಯೂ ಸೇರುತ್ತದೆ. ಮನೆ ಬಾಡಿಗೆಗೆ ತೆರಿಗೆ ಇಲ್ಲದಿದ್ದರೂ ಮೊತ್ತ ಸೇರುತ್ತದೆ. ಸಂಬಳ ಮಾತ್ರ ಸೇರುವುದಿಲ್ಲ.

ಇವರ ಲೆಕ್ಕ: ತಿಂಗಳಿಗೆ 1,90,000. ಏಪ್ರಿಲ್‌ನಿಂದ ಜನವರಿವರೆಗೆ 19,00,000. ಫೆಬ್ರುವರಿ ಬಿಲ್ ಹಾಕಿದೊಡನೆ 20,90,000. ಮಿತಿ ದಾಟಿತು. ನೆನಪಿಡಿ, ಎಣಿಸುವುದು ಬಿಲ್ ಮೊತ್ತವನ್ನು, ಖಾತೆಗೆ ಬಂದ ಹಣವನ್ನಲ್ಲ. ಟಿಡಿಎಸ್ ಕಳೆದು ಬಂದ 1,35,000ವನ್ನು ಎಣಿಸಿ ‘ಇನ್ನೂ 20 ಲಕ್ಷ ಆಗಿಲ್ಲ’ ಅಂತ ಕೂತರೆ ತಪ್ಪು.

ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿದರೆ ನೋಂದಣಿ ದಾಟಿದ ದಿನದಿಂದಲೇ ಜಾರಿ. 30 ದಿನ ಮೀರಿದರೆ ನೋಂದಣಿ ಸಿಗುವುದು ಮಂಜೂರಾದ ದಿನದಿಂದ, ನಡುವಿನ ಬಿಲ್ಲುಗಳ ತೆರಿಗೆ ಮಾತ್ರ ನಿಮ್ಮ ತಲೆ ಮೇಲೆ, ವರ್ಷಕ್ಕೆ 18% ಬಡ್ಡಿ ಸಮೇತ.

ಖಾತೆಕಿರ್ದಿ
ಅದಕ್ಕೇ ನನ್ನ ಸಲಹೆ, ಫೆಬ್ರುವರಿ ಬಿಲ್ ತನಕ ಕಾಯದೆ ಜನವರಿಯಲ್ಲೇ ನೋಂದಣಿ ಮಾಡಿಸಿ. ದಾಟಿಸುವ ಬಿಲ್ಲಿನ ತೆರಿಗೆ ಬಗ್ಗೆ ಗೊಂದಲವೇ ಉಳಿಯುವುದಿಲ್ಲ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಇಜಿ-01 ಅರ್ಜಿ ಹಾಕಬೇಕು, ಸರ್ಕಾರಿ ಶುಲ್ಕ ಏನೂ ಇಲ್ಲ. ಬೇಕಾದದ್ದು ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ವಿವರ, ಕೆಲಸದ ಸ್ಥಳದ ದಾಖಲೆ. ಮನೆಯಿಂದಲೇ ಕೆಲಸ ಮಾಡುವವರ ಅರ್ಜಿ ನಿಲ್ಲುವುದು ಈ ಕೊನೆಯದರಲ್ಲಿ. ಬಾಡಿಗೆ ಮನೆ ಆದರೆ ಬಾಡಿಗೆ ಕರಾರು ಮತ್ತು ಇತ್ತೀಚಿನ ಕರೆಂಟ್ ಬಿಲ್. ತಂದೆ, ಅತ್ತೆ, ಅಣ್ಣ ಹೀಗೆ ಮನೆಯವರ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಮತ್ತು ಅವರ ಹೆಸರಿನ ಕರೆಂಟ್ ಬಿಲ್. ಬಿಲ್ಲಿನಲ್ಲಿರುವ ವಿಳಾಸ ಮತ್ತು ಅರ್ಜಿಯ ವಿಳಾಸ ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಸಮೇತ ಒಂದೇ ರೀತಿ ಇರಲಿ. ಹಳೆ ಮಾಲೀಕರ ಹೆಸರಲ್ಲೇ ಉಳಿದ ಕರೆಂಟ್ ಬಿಲ್ ಕೊಟ್ಟರೆ ಸ್ಪಷ್ಟೀಕರಣ ಕೇಳಿ ನೋಟಿಸ್ ಬರುತ್ತದೆ, ಅದಕ್ಕೆ ಏಳು ಕೆಲಸದ ದಿನದೊಳಗೆ ಉತ್ತರ ಕೊಡದಿದ್ದರೆ ಅರ್ಜಿ ತಿರಸ್ಕಾರ.

ಇನ್ನೊಂದು ಮಾತು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇದ್ದರೆ ನೋಂದಣಿ ಬರುವ ತನಕ ತಡೆಯಿರಿ. ₹90,000ದ ಲ್ಯಾಪ್‌ಟಾಪ್‌ನಲ್ಲಿ ₹13,729 ಜಿಎಸ್‌ಟಿ ಇರುತ್ತದೆ. ನೋಂದಣಿಗೆ ಮುಂಚೆ ಕೊಂಡ ಯಂತ್ರೋಪಕರಣದ ಮೇಲೆ ಕ್ರೆಡಿಟ್ ಸಿಗುವುದಿಲ್ಲ. ನಂತರ ಕೊಂಡರೆ, ಅಂಗಡಿಯವರು ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿಐಎನ್ (ಜಿಎಸ್‌ಟಿ ನಂಬರ್) ನಮೂದಿಸಿದರೆ, ಅದು ಪೋರ್ಟಲ್‌ನಲ್ಲಿ ನಿಮ್ಮ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಂಡರೆ, ಪೂರ್ತಿ ಸಿಗುತ್ತದೆ.

ದಿನದರ
ತೆರಿಗೆ ಮಾತು ಸರಿ, ಆದರೆ ಮೂಲ ದರವೇ ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಸಂಬಳವನ್ನು 22 ದಿನಕ್ಕೆ ಭಾಗಿಸಿ ದಿನದ ದರ ಹೇಳುವುದು ನಮ್ಮಲ್ಲಿ ರೂಢಿ. ಅದರಲ್ಲಿ ಪಿಎಫ್ ಇಲ್ಲ, ರಜೆ ಇಲ್ಲ, ಕೆಲಸವಿಲ್ಲದ ತಿಂಗಳು ಇಲ್ಲ.

ಒಂದು ಮಾದರಿ ಲೆಕ್ಕ, ನಿಮ್ಮ ಅಂಕಿ ಹಾಕಿಕೊಳ್ಳಿ.
ಮನೆ ಖರ್ಚು, ಉಳಿತಾಯ ತಿಂಗಳಿಗೆ ₹75,000: ವರ್ಷಕ್ಕೆ ₹9,00,000
ಪಿಎಫ್ ಬದಲಿಗೆ ನಿವೃತ್ತಿ ಹೂಡಿಕೆ: ₹1,00,000
ಆರೋಗ್ಯ ವಿಮೆ: ₹30,000 (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಪ್ರೀಮಿಯಂ ಹೊಸದಾಗಿ ನೋಡಿಕೊಳ್ಳಿ)
₹90,000ದ ಲ್ಯಾಪ್‌ಟಾಪ್ ಮೂರು ವರ್ಷಕ್ಕೆ ಹಂಚಿ: ₹30,000
ಸಾಫ್ಟ್‌ವೇರ್ ಚಂದಾ: ₹36,000
ಇಂಟರ್‌ನೆಟ್, ಕರೆಂಟ್, ಯುಪಿಎಸ್: ₹24,000
ಆಡಿಟರ್ ಫೀ: ₹20,000
ವೃತ್ತಿ ತೆರಿಗೆ: ₹2,500
ಒಟ್ಟು ₹11,42,500. ಬಾರದ ಬಾಕಿ, ತಡವಾದ ಬಿಲ್ಲುಗಳಿಗೆ 10% ಸೇರಿಸಿದರೆ ₹12,56,750.

ಇನ್ನು ದಿನಗಳು. 365ರಲ್ಲಿ ಶನಿವಾರ, ಭಾನುವಾರ 104 ಕಳೆದರೆ 261. ಹಬ್ಬ 15, ಕಾಯಿಲೆ ಮತ್ತು ರಜೆ 15 ಹೋದರೆ 231. ಇದರಲ್ಲಿ ಕೊಟೇಶನ್, ಫೋನು, ತಿದ್ದುಪಡಿ, ಲೆಕ್ಕಪತ್ರ, ಕೆಲಸ ಹುಡುಕಾಟ ಎಲ್ಲ ಹೋಗಿ ಬಿಲ್ ಮಾಡಬಹುದಾದದ್ದು 60% ಅಂತ ಹಿಡಿದರೆ ಸುಮಾರು 140 ದಿನ. 12,56,750 ಭಾಗಿಸು 140 ಅಂದರೆ ದಿನಕ್ಕೆ ₹8,977. ಇದು ಕನಿಷ್ಠ ದರ, ಇದರ ಕೆಳಗೆ ಇಳಿಯಬಾರದು.

ಪಿಕ್ಸೆಲ್ ಅವರದ್ದು 16 ದಿನಕ್ಕೆ 1,50,000, ಅಂದರೆ ದಿನಕ್ಕೆ ₹9,375. ಈ ಮಾದರಿಯ ಕನಿಷ್ಠಕ್ಕಿಂತ ಸ್ವಲ್ಪವೇ ಮೇಲೆ. ‘ತೆರಿಗೆ ಸೇರಿ’ ಅಂತ ಒಪ್ಪಿದರೆ ₹7,945, ಕನಿಷ್ಠಕ್ಕಿಂತ ಸಾವಿರ ಕಡಿಮೆ. ಈಗ ತಿಂಗಳು ತುಂಬ ಕೆಲಸ ಇರುವುದರಿಂದ 7,945 ಆದರೂ ಸಾಲುತ್ತದೆ ಅನ್ನಿಸಬಹುದು. ಆದರೆ ದರ ನಿಗದಿ ಮಾಡುವಾಗ ಕೆಲಸ ತುಂಬಿದ ವರ್ಷವನ್ನು ಹಿಡಿಯಬಾರದು. ಒಂದು ಕರಾರು ಮುಗಿದು ಇನ್ನೊಂದು ಹಿಡಿಯುವ ನಡುವೆ ಎರಡು ತಿಂಗಳು ಖಾಲಿ ಹೋಗುವ ವರ್ಷಕ್ಕೂ ಆ ದರ ನಿಲ್ಲಬೇಕು.

ಗಂಟೆ ದರ ಕೇಳಿದರೆ ದಿನದ ದರವನ್ನು 8ರಿಂದ ಭಾಗಿಸಬೇಡಿ, 6ರಿಂದ ಭಾಗಿಸಿ. ಗಂಟೆ ಲೆಕ್ಕದಲ್ಲಿ ಮೀಟಿಂಗ್, ಕರೆ, ಫೈಲು ತಯಾರಿ ಬಿಲ್ಲಿಗೆ ಬರುತ್ತದೋ ಇಲ್ಲವೋ ಅಂತ ಬರೆದುಕೊಳ್ಳಿ, ಇಲ್ಲವಾದರೆ ಪ್ರತಿ ತಿಂಗಳೂ ಅದೇ ಜಗ್ಗಾಟ.

ತುಂಗಾ_ಫೋಟೋ
ಕಂಪನಿ ಕ್ಲೈಂಟ್ ಇರೋರಿಗೆ ‘ಜಿಎಸ್‌ಟಿ ಪ್ರತ್ಯೇಕ’ ಅನ್ನೋದು ಸುಲಭ. ಮದುವೆ ಫೋಟೋಗ್ರಫಿಯಲ್ಲಿ ಗಿರಾಕಿಗೆ ಕ್ರೆಡಿಟ್ ಸಿಗಲ್ಲ. ಶಿವಮೊಗ್ಗದಲ್ಲಿ ₹80,000ದ ಪ್ಯಾಕೇಜ್ ಹೇಳಿ ಆಮೇಲೆ ₹14,400 ಜಿಎಸ್‌ಟಿ ಅಂದರೆ ಪಕ್ಕದ ಸ್ಟುಡಿಯೋಗೆ ಹೋಗ್ತಾರೆ. ವರ್ಷಕ್ಕೆ 28 ಮದುವೆ ಆದರೆ 22.4 ಲಕ್ಷ, ಮಿತಿ ದಾಟುತ್ತೆ. ಎರಡನೇ ಕ್ಯಾಮೆರಾದವರಿಗೆ, ಡ್ರೋನ್‌ನವರಿಗೆ ಕೊಟ್ಟ ಹಣ ಕಳೆದು 20 ಲಕ್ಷದ ಒಳಗೆ ತೋರಿಸಬಹುದಾ?

ಖಾತೆಕಿರ್ದಿ
ಇಲ್ಲ. ಗಿರಾಕಿಗೆ ನೀವು ಹಾಕಿದ ಪೂರ್ತಿ ಮೊತ್ತವೇ ನಿಮ್ಮ ವಹಿವಾಟು, ಸಹಾಯಕರಿಗೆ ಕೊಟ್ಟದ್ದು ಖರ್ಚು. ಬಿಲ್ ಪುಸ್ತಕದಲ್ಲಿ ಇಲ್ಲದಿದ್ದರೂ ಹಣ ಯುಪಿಐಯಲ್ಲಿ ಬಂದಿರುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಹಿಡಿದೇ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕೊಟ್ಟಿತ್ತು. ಮನೆಯ ಹಣ, ಸ್ನೇಹಿತರ ಸಾಲ, ವೃತ್ತಿಯ ಹಣ ಎಲ್ಲ ಒಂದೇ ಕ್ಯುಆರ್ ಕೋಡ್‌ಗೆ ಬಂದಿದ್ದರೆ ಯಾವುದು ವಹಿವಾಟು ಅಲ್ಲ ಅಂತ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ. ವೃತ್ತಿಗೆ ಬೇರೆ ಖಾತೆ ತೆರೆಯಿರಿ, ಇವತ್ತೇ.

ನಿಮ್ಮಂಥವರಿಗೆ ಸರಿ ಹೊಂದುವುದು ಸೇವೆಗಳ ಕಾಂಪೊಸಿಷನ್, ಅಂದರೆ ಸಣ್ಣವರು ಕ್ರೆಡಿಟ್ ಬಿಟ್ಟು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆ, ಸೆಕ್ಷನ್ 10(2ಎ). ವಹಿವಾಟು 50 ಲಕ್ಷದೊಳಗೆ, ದರ 6%. ಎರಡೂ ದಾರಿಯನ್ನು ಎದುರುಬದುರು ಇಟ್ಟು ನೋಡಿ, ಗಿರಾಕಿಗೆ ದರ ಏರಿಸದೆ:

ಸಾಮಾನ್ಯ ನೋಂದಣಿಯಲ್ಲಿ 22.4 ಲಕ್ಷದೊಳಗಿನ 18% ಅಂದರೆ ₹3,41,695. ಇದರಿಂದ ಖರೀದಿಯ ಕ್ರೆಡಿಟ್ ಕಳೆಯಬಹುದು.
ಕಾಂಪೊಸಿಷನ್‌ನಲ್ಲಿ 22.4 ಲಕ್ಷದ 6% ಅಂದರೆ ₹1,34,400. ಕ್ರೆಡಿಟ್ ಇಲ್ಲ.

ವ್ಯತ್ಯಾಸ ₹2,07,295. ಅಷ್ಟು ಕ್ರೆಡಿಟ್ ಹುಟ್ಟಬೇಕಾದರೆ 18% ತೆರಿಗೆ ಸೇರಿ ಸುಮಾರು ₹13.6 ಲಕ್ಷದ ಕ್ಯಾಮೆರಾ, ಲೆನ್ಸ್, ಸಾಮಗ್ರಿ ಅದೇ ವರ್ಷ ಕೊಂಡಿರಬೇಕು. ಸ್ಟುಡಿಯೋ ಹೊಸದಾಗಿ ಕಟ್ಟುವ ವರ್ಷ ಬಿಟ್ಟರೆ ಅದು ಆಗದ ಮಾತು.

ಷರತ್ತುಗಳು ಗಟ್ಟಿಯಾಗಿವೆ. ಗಿರಾಕಿಯಿಂದ ತೆರಿಗೆ ಅಂತ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ ಕೊಡಬೇಕು, ಅದರ ಮೇಲ್ಭಾಗದಲ್ಲಿ ಕಾಂಪೊಸಿಷನ್ ತೆರಿಗೆದಾರ ಅನ್ನುವ ಒಕ್ಕಣೆ ಇರಬೇಕು. ಅಂತರರಾಜ್ಯ ಪೂರೈಕೆ ನಿಷಿದ್ಧ. ತ್ರೈಮಾಸಿಕ ತೆರಿಗೆ ಸಿಎಂಪಿ-08 ನಮೂನೆಯಲ್ಲಿ, ತ್ರೈಮಾಸಿಕದ ನಂತರದ ತಿಂಗಳು 18ರೊಳಗೆ. ಈಗಾಗಲೇ ಸಾಮಾನ್ಯ ನೋಂದಣಿ ಇದ್ದರೆ ಬದಲಾಗಲು ಹೊಸ ಹಣಕಾಸು ವರ್ಷ ಶುರುವಾಗುವ ಮುಂಚೆ ಸಿಎಂಪಿ-02 ಅರ್ಜಿ ಹಾಕಬೇಕು, ನಡು ವರ್ಷದಲ್ಲಿ ಆಗದು.

ಪಿಕ್ಸೆಲ್ ಅವರೇ, ಇದು ನಿಮಗಲ್ಲ. ಸಿಂಗಾಪುರದ ಒಂದು ಬಿಲ್ ಇದ್ದರೂ ಕಾಂಪೊಸಿಷನ್ ಸಿಗದು, ಮತ್ತು ಕಂಪನಿಗೆ ಕ್ರೆಡಿಟ್ ಹೋಗುವುದಿಲ್ಲ.

ಕುಡ್ಲ_ಅನುವಾದ
ನನ್ನದು ಇನ್ನೊಂದು ಬದಿಯ ಪ್ರಶ್ನೆ. ಅನುವಾದ ಕೆಲಸ, ವರ್ಷಕ್ಕೆ 7 ಲಕ್ಷ. ದೆಹಲಿಯ ಏಜೆನ್ಸಿ ‘ಬೇರೆ ರಾಜ್ಯ, ಹಾಗಾಗಿ ಜಿಎಸ್‌ಟಿ ನಂಬರ್ ಕಡ್ಡಾಯ’ ಅನ್ನುತ್ತದೆ.

ರಫ್ತುಲೆಕ್ಕ
ಕಡ್ಡಾಯ ಅಲ್ಲ. ಸರಕಿಗೆ ಇರುವ ನಿಯಮವನ್ನು ಸೇವೆಗೂ ಹಚ್ಚುತ್ತಿದ್ದಾರೆ. 2017ರ ಅಕ್ಟೋಬರ್ 13ರ ಐಜಿಎಸ್‌ಟಿ (ರಾಜ್ಯಗಳ ನಡುವಿನ ಪೂರೈಕೆಯ ಜಿಎಸ್‌ಟಿ) ಅಧಿಸೂಚನೆ 10/2017 ಪ್ರಕಾರ ಅಂತರರಾಜ್ಯ ಸೇವೆ ಕೊಡುವವರೂ 20 ಲಕ್ಷದೊಳಗೆ ನೋಂದಣಿಯಿಂದ ಮುಕ್ತರು. ಬಿಲ್ಲಿನ ಕೆಳಗೆ ‘ಒಟ್ಟು ವಹಿವಾಟು ಮಿತಿಯೊಳಗಿದೆ, ಜಿಎಸ್‌ಟಿ ನೋಂದಣಿ ಅನ್ವಯಿಸುವುದಿಲ್ಲ’ ಅಂತ ಬರೆದು, ಅಧಿಸೂಚನೆ ಸಂಖ್ಯೆ ಹಾಕಿ, ಪ್ಯಾನ್ ಕೊಡಿ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಮಾತ್ರ ಹಾಕಬೇಡಿ, ಅದು ಅಪರಾಧ.

ಒತ್ತಾಯಕ್ಕೆ ನೋಂದಣಿ ಮಾಡಿಸಿದರೆ ಮೊದಲ ರೂಪಾಯಿಯಿಂದ ತೆರಿಗೆ, ಪ್ರತಿ ತ್ರೈಮಾಸಿಕ ರಿಟರ್ನ್. ಕೆಲಸ ಇಲ್ಲದ ತ್ರೈಮಾಸಿಕಕ್ಕೂ ಶೂನ್ಯ ರಿಟರ್ನ್ ಹಾಕಬೇಕು, ಮರೆತರೆ ದಿನಕ್ಕೆ ₹20, ತೆರಿಗೆ ಇದ್ದರೆ ದಿನಕ್ಕೆ ₹50 ವಿಳಂಬ ಶುಲ್ಕ.

ದಿನದರ
ಅನುವಾದದವರಿಗೆ ತೆರಿಗೆಗಿಂತ ದೊಡ್ಡ ಸೋರಿಕೆ ಪದ ಎಣಿಕೆಯಲ್ಲಿದೆ. ಕನ್ನಡದಲ್ಲಿ ವಿಭಕ್ತಿ, ಸಂಧಿ ಎಲ್ಲ ಪದಕ್ಕೇ ಅಂಟುವುದರಿಂದ ಸಾವಿರ ಇಂಗ್ಲಿಷ್ ಪದ ಕನ್ನಡದಲ್ಲಿ ಏಳುನೂರರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಪದಕ್ಕೆ ₹2 ಅಂದಾಗ ಮೂಲ ಪಠ್ಯದ ಎಣಿಕೆಯಾದರೆ ₹2,000, ಕನ್ನಡದ ಎಣಿಕೆಯಾದರೆ ₹1,400. ಅದೇ ಕೆಲಸ, 30% ಕಡಿತ. ಕೆಲಸದ ಆದೇಶದಲ್ಲಿ ‘ಮೂಲ ಪದಗಳ ಎಣಿಕೆ ಮೇಲೆ’ ಅಂತ ಬರೆಸಿಕೊಳ್ಳಿ. ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಮಾತ್ರ ಇದು ತಿರುಗುಮುರುಗು, ಆಗ ಅನುವಾದಿತ ಪದದ ಎಣಿಕೆ ಕೇಳಬೇಕು.

ಪಿಕ್ಸೆಲ್_ಹುಬ್ಬಳ್ಳಿ
ಭಾಳ ಉಪಕಾರ ಆತು. ಸಿಂಗಾಪುರದ ಬಿಲ್ಲಿಗೆ ಏನು ಮಾಡ್ಬೇಕ್ರಿ? ಅವರ ಕಡೆಯಿಂದನೂ 18% ಕೇಳೂದಾ?

ರಫ್ತುಲೆಕ್ಕ
ಕೇಳಬೇಕಾಗಿಲ್ಲ, ಆದರೆ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ ಬೇಕು. ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆ ಹಾಕಿ, ಶುಲ್ಕ ಇಲ್ಲ, ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಕೇಳುತ್ತದೆ. ನೋಂದಣಿ ಸಿಕ್ಕ ದಿನವೇ, ಮೊದಲ ರಫ್ತು ಬಿಲ್ಲಿಗೆ ಮುಂಚೆ ಹಾಕಿ. ಅದು ಆ ಹಣಕಾಸು ವರ್ಷಕ್ಕೆ ಮಾತ್ರ. ಜನವರಿಯಲ್ಲಿ ತೆಗೆದದ್ದು ಮಾರ್ಚ್ 31ಕ್ಕೆ ಮುಗಿಯುತ್ತದೆ, 2026-27ಕ್ಕೆ ಹೊಸದು ಬೇಕು. ಇದನ್ನು ಮರೆತು ಏಪ್ರಿಲ್ ಬಿಲ್ ಕಳಿಸುವವರು ಪ್ರತಿ ವರ್ಷ ಸಿಗುತ್ತಾರೆ.

ರಫ್ತು ಅನ್ನಿಸಿಕೊಳ್ಳಲು ಕ್ಲೈಂಟ್ ಭಾರತದ ಹೊರಗಿರಬೇಕು, ಸೇವೆಯ ಪೂರೈಕೆ ಸ್ಥಳ ಹೊರಗಿರಬೇಕು, ಹಣ ವಿದೇಶಿ ವಿನಿಮಯದಲ್ಲಿ ಅಥವಾ ಆರ್‌ಬಿಐ ಅನುಮತಿಸಿದ ರೀತಿಯ ರೂಪಾಯಿಯಲ್ಲಿ ಬರಬೇಕು. ಸಿಂಗಾಪುರದ ಕಂಪನಿ ತನ್ನ ಭಾರತದ ಶಾಖೆಯ ಖಾತೆಯಿಂದ ಹಣ ಹಾಕಿದರೆ ಈ ಕೊನೆಯ ಷರತ್ತೇ ಮುರಿಯುತ್ತದೆ, ಎಚ್ಚರ. ಬಿಲ್ ದಿನಾಂಕದಿಂದ ಒಂದು ವರ್ಷದೊಳಗೆ ಹಣ ಬರಬೇಕು. ಬ್ಯಾಂಕ್ ಅಥವಾ ಪಾವತಿ ಸಂಸ್ಥೆಯಿಂದ ಪ್ರತಿ ಪಾವತಿಗೂ ವಿದೇಶಿ ಹಣ ಬಂದ ಪತ್ರ, ಅಂದರೆ ಎಫ್‌ಐಆರ್‌ಎ ಅಥವಾ ಎಫ್‌ಐಆರ್‌ಸಿ ಇಳಿಸಿಟ್ಟುಕೊಳ್ಳಿ. ಬಿಲ್ಲಿನ ಮೇಲೆ ‘ಎಲ್‌ಯುಟಿ ಅಡಿ, ಐಜಿಎಸ್‌ಟಿ ಪಾವತಿಸದೆ ರಫ್ತು’ ಅನ್ನುವ ಅರ್ಥದ ಒಕ್ಕಣೆ ಮತ್ತು ಎಲ್‌ಯುಟಿಯ ಎಆರ್‌ಎನ್ (ಅರ್ಜಿ ಉಲ್ಲೇಖ) ಸಂಖ್ಯೆ ಹಾಕಿ.

ಖಾತೆಕಿರ್ದಿ
ಬಿಲ್ ಮತ್ತು ರಿಟರ್ನ್ ವಿಷಯ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು, ವರ್ಷದಲ್ಲಿ ಒಂದೇ ಸರಣಿ, ನಡುವೆ ಬಿಟ್ಟು ಹೋಗಬಾರದು. ಕಂಪನಿಯ ಜಿಎಸ್‌ಟಿಐಎನ್ ಕೇಳಿ ಮೊದಲೆರಡು ಅಂಕಿ ನೋಡಿ: 29 ಇದ್ದರೆ ಕರ್ನಾಟಕ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಆಫೀಸು ಬೆಂಗಳೂರಿನಲ್ಲೇ ಇದ್ದು ಬಿಲ್ ಮುಂಬೈ ನೋಂದಣಿಗೆ (27) ಕೇಳಿದರೆ ಐಜಿಎಸ್‌ಟಿ 18%. ತಪ್ಪು ಶೀರ್ಷಿಕೆಯಡಿ ಕಟ್ಟಿದರೆ ಸರಿಯಾದದ್ದನ್ನು ಮತ್ತೆ ಕಟ್ಟಿ, ಹಳೆಯದನ್ನು ರೀಫಂಡ್ ಕೇಳಬೇಕಾಗುತ್ತದೆ. ಆರ್ಕಿಟೆಕ್ಟ್, ಇಂಟೀರಿಯರ್ ಕೆಲಸದವರಿಗೆ ನಿಯಮ ಬೇರೆ, ಅವರಿಗೆ ಕಟ್ಟಡ ಇರುವ ರಾಜ್ಯವೇ ಪೂರೈಕೆ ಸ್ಥಳ.

ವಹಿವಾಟು 5 ಕೋಟಿಯೊಳಗಿರುವವರು ಕ್ಯುಆರ್‌ಎಂಪಿ, ಅಂದರೆ ರಿಟರ್ನ್ ತ್ರೈಮಾಸಿಕಕ್ಕೆ, ತೆರಿಗೆ ತಿಂಗಳಿಗೆ ಅನ್ನುವ ಪದ್ಧತಿ ಆರಿಸಿಕೊಳ್ಳಬಹುದು. ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆ ಪಿಎಂಟಿ-06 ಚಲನ್‌ನಲ್ಲಿ ಮುಂದಿನ ತಿಂಗಳ 25ರೊಳಗೆ, ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-1 ತ್ರೈಮಾಸಿಕದ ನಂತರದ ತಿಂಗಳ 13ಕ್ಕೆ, ತೆರಿಗೆ ರಿಟರ್ನ್ ಜಿಎಸ್‌ಟಿಆರ್-3ಬಿ ಕರ್ನಾಟಕದವರಿಗೆ 22ಕ್ಕೆ. ಇಲ್ಲಿ ಒಂದು ತೊಡಕು. ನೀವು ಬಿಲ್ ಅಪ್‌ಲೋಡ್ ಮಾಡುವ ತನಕ ಕಂಪನಿಗೆ ಕ್ರೆಡಿಟ್ ಕಾಣುವುದಿಲ್ಲ, ಹಾಗಾಗಿ ‘2ಬಿಯಲ್ಲಿ ಬಂದ ಮೇಲೆ ಜಿಎಸ್‌ಟಿ ಮೊತ್ತ ಕೊಡುತ್ತೇವೆ’ ಅಂತ ತಡೆ ಹಿಡಿಯುತ್ತಾರೆ. ತ್ರೈಮಾಸಿಕದ ಮೊದಲೆರಡು ತಿಂಗಳ ಬಿಲ್ಲನ್ನು ಐಎಫ್‌ಎಫ್ ಅನ್ನುವ ಸೌಲಭ್ಯದಲ್ಲಿ ಮುಂದಿನ ತಿಂಗಳ 13ರೊಳಗೆ ಹಾಕಿಬಿಡಿ. ಐದು ನಿಮಿಷದ ಕೆಲಸ.

ಇನ್ನು ಎಲ್ಲಕ್ಕಿಂತ ನೋವಿನ ಭಾಗ: ಕಂಪನಿ ಹಣ ಕೊಡಲಿ ಬಿಡಲಿ, ಬಿಲ್ ಹಾಕಿದ ತಿಂಗಳ ಜಿಎಸ್‌ಟಿ ನೀವು ಕಟ್ಟಲೇಬೇಕು. ಹಣ ಬರಲೇ ಇಲ್ಲ ಅಂತಾದರೂ ಕಟ್ಟಿದ ತೆರಿಗೆ ವಾಪಸ್ ಇಲ್ಲ. ಫೆಬ್ರುವರಿ 28ರ ಬಿಲ್ಲಿನ ₹27,000 ಮಾರ್ಚ್ 25ಕ್ಕೆ ಕಟ್ಟಬೇಕು, ಕಂಪನಿ 45 ದಿನಕ್ಕೆ ಕೊಟ್ಟರೆ ಹಣ ಕಾಣುವುದು ಏಪ್ರಿಲ್ ಮಧ್ಯದಲ್ಲಿ. ಕರಾರಿನಲ್ಲೇ ‘ಹಿಂದಿನ ತಿಂಗಳ ಬಿಲ್ ಮುಂದಿನ ತಿಂಗಳ 1ನೇ ತಾರೀಖು, ಪಾವತಿ 15 ದಿನದೊಳಗೆ’ ಅಂತ ಬರೆಸಿದರೆ ತೆರಿಗೆಯ ಗಡುವು ಒಂದು ತಿಂಗಳು ಮುಂದೆ ಹೋಗುತ್ತದೆ, ಕೈಯಿಂದ ಹಾಕುವುದು ತಪ್ಪುತ್ತದೆ. ಸೇವೆ ಮುಗಿದ 30 ದಿನದೊಳಗೆ ಬಿಲ್ ಅನ್ನುವ ನಿಯಮಕ್ಕೂ ಇದು ಸರಿ. ಮುಂಗಡ ತೆಗೆದುಕೊಂಡರೆ ಮಾತ್ರ ಆ ತಿಂಗಳೇ ಅದರ ಮೇಲೆ ತೆರಿಗೆ, ಸೇವೆಗೆ ವಿನಾಯಿತಿ ಇಲ್ಲ.

ಹಣ ಬರುವಂತೆ ಮಾಡಲು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪೋರ್ಟಲ್) ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಸಾಕು, ಶುಲ್ಕ ಇಲ್ಲ, ಹಣ ಕೇಳುವ ಖಾಸಗಿ ಜಾಲತಾಣಗಳಿಗೆ ಹೋಗಬೇಡಿ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಪಾವತಿ ಆಗಬೇಕು. ಆಗದಿದ್ದರೆ ಆದಾಯ ತೆರಿಗೆ ನಿಯಮದ (1961ರ ಕಾಯ್ದೆಯಲ್ಲಿ 43ಬಿ(ಎಚ್)) ಪ್ರಕಾರ ಕಂಪನಿ ಆ ಖರ್ಚನ್ನು ಹಣ ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ಲೆಕ್ಕ ವಿಭಾಗ ತಾನಾಗಿ ಚುರುಕಾಗುವುದು ಇದೇ ಕಾರಣಕ್ಕೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಿ. ಇದಲ್ಲದೆ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ ಕಂಪನಿ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನೂ ಬಡ್ಡಿ ಸಮೇತ ತಿರುಗಿಸಬೇಕು.

ತುಂಗಾ_ಫೋಟೋ
ಟಿಡಿಎಸ್ ವಾಪಸ್ ಬರುತ್ತೆ ಅಂದ್ರಿ. ಪಿಕ್ಸೆಲ್ ಅವರಿಗೆ ಎಷ್ಟು ಬರಬಹುದು?

ಖಾತೆಕಿರ್ದಿ
18 ಲಕ್ಷದ 10% ಅಂದರೆ ₹1,80,000 ಹಿಡಿದಿರುತ್ತಾರೆ. ಮಾಹಿತಿ ತಂತ್ರಜ್ಞಾನ, ತಾಂತ್ರಿಕ ಸಲಹೆ, ಎಂಜಿನಿಯರಿಂಗ್, ಇಂಟೀರಿಯರ್ ಮುಂತಾದ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಆದಾಯ ತೆರಿಗೆಯ ಸೆಕ್ಷನ್ 44ಎಡಿಎ ಇದೆ: ವರಮಾನದ ಅರ್ಧವನ್ನು ಲಾಭ ಅಂತ ತೋರಿಸಬಹುದು, ಮಿತಿ 50 ಲಕ್ಷ, ನಗದು 5% ಮೀರದಿದ್ದರೆ 75 ಲಕ್ಷ. 22.8 ಲಕ್ಷದ ಅರ್ಧ 11.4 ಲಕ್ಷ. 2025-26ಕ್ಕೆ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ರಿಯಾಯಿತಿ ಕಳೆದು ತೆರಿಗೆ ಶೂನ್ಯ. ಬ್ಯಾಂಕ್ ಬಡ್ಡಿ ಸೇರಿಸಿ 12 ಲಕ್ಷ ದಾಟದಿದ್ದರೆ ಪೂರ್ತಿ 1,80,000 ವಾಪಸ್. ಯುಐ ಡಿಸೈನನ್ನು ಮಾಹಿತಿ ತಂತ್ರಜ್ಞಾನದಡಿ ತೋರಿಸುವ ಮುನ್ನ ಕರಾರಿನಲ್ಲಿ ಕೆಲಸದ ವಿವರಣೆ ಅದಕ್ಕೆ ಒಪ್ಪುವಂತಿದೆಯಾ ಅಂತ ಆಡಿಟರ್‌ಗೆ ತೋರಿಸಿ. ಅನುವಾದ ಈ ಪಟ್ಟಿಯಲ್ಲಿಲ್ಲ. ಅವರು ಖರ್ಚಿನ ಲೆಕ್ಕ ಇಟ್ಟು ಐಟಿಆರ್-3 ನಮೂನೆಯ ರಿಟರ್ನ್ ಹಾಕುವುದು ಭದ್ರ.

ಕಂಪನಿ ಹಿಡಿದದ್ದು ನಿಜವಾಗಿ ಕಟ್ಟಿದೆಯಾ ಅಂತ ಪ್ರತಿ ತ್ರೈಮಾಸಿಕ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ಟಿಡಿಎಸ್ ಪಟ್ಟಿ) ತೆರೆದು ನೋಡಿ. ಜನವರಿಯಿಂದ ಮಾರ್ಚ್‌ವರೆಗಿನದು ಮೇ ಕೊನೆಯಲ್ಲಿ ಕಾಣುತ್ತದೆ, ಅದಕ್ಕೆ ಮುಂಚೆ ರಿಟರ್ನ್ ಹಾಕಲು ಅವಸರ ಬೇಡ. ಅಷ್ಟು ಹಣ ವರ್ಷವಿಡೀ ಸಿಕ್ಕಿಕೊಳ್ಳುವುದು ಕಷ್ಟವಾದರೆ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಪೋರ್ಟಲ್ ಟ್ರೇಸಸ್‌ನಲ್ಲಿ ಕಡಿಮೆ ದರದ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ, ಸಂಬಳೇತರ ಟಿಡಿಎಸ್ ಎಲ್ಲ ಸೆಕ್ಷನ್ 393ರಡಿ ಬರುತ್ತದೆ. ಹೊಸ ಕರಾರಿನಲ್ಲಿ ಹಳೆ ಕಾಯ್ದೆಯ ಟಿಡಿಎಸ್ ಸೆಕ್ಷನ್ ‘194ಜೆ’ ಅಂತ ಇದ್ದರೆ ತಿದ್ದಿಸಿ.

ಪಿಕ್ಸೆಲ್_ಹುಬ್ಬಳ್ಳಿ
ಕಡೀ ಪ್ರಶ್ನೆ ರೀ. ಡಿಸೈನ್ ಸಾಫ್ಟ್‌ವೇರ್ ಚಂದಾ ವಿದೇಶಿ ಕಂಪನಿಗೆ ಕಟ್ಟೂದು, ತಿಂಗಳಿಗೆ ₹3,000. ಅದರ ಮ್ಯಾಲೆ ಬಿಲ್ಲಿನಾಗ ಜಿಎಸ್‌ಟಿ ಬ್ಯಾರೆ ಹಾಕಿರ್ತಾರ. ನೋಂದಣಿ ಆದ ಮ್ಯಾಲೆ ಅದು ವಾಪಸ್ ಸಿಗತೈತೇನು?

ರಫ್ತುಲೆಕ್ಕ
ಈಗಿನ ರೀತಿಯಲ್ಲಿ ಸಿಗುವುದಿಲ್ಲ. ನಿಮ್ಮ ನಂಬರ್ ಇಲ್ಲದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಆ ಸಾಫ್ಟ್‌ವೇರ್ ಖಾತೆಯ ಬಿಲ್ಲಿಂಗ್ ಪುಟದಲ್ಲಿ ಜಿಎಸ್‌ಟಿಐಎನ್ ಹಾಕಿ, ಮುಂದಿನ ಬಿಲ್ಲಿನಿಂದ ಅವರು ಜಿಎಸ್‌ಟಿ ಹಾಕುವುದು ನಿಲ್ಲಿಸುತ್ತಾರೆ. ಆಮೇಲೆ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ರೀತಿ) ₹3,000ದ 18%, ₹540 ನೀವೇ ಕಟ್ಟಬೇಕು. ಅದನ್ನು ಕ್ರೆಡಿಟ್‌ನಿಂದ ಹೊಂದಿಸುವಂತಿಲ್ಲ, ಪೋರ್ಟಲ್‌ನ ನಗದು ಲೆಡ್ಜರ್‌ನಿಂದಲೇ, ಅಂದರೆ ನೀವು ಹಣ ತುಂಬಿದ ಖಾತೆಯಿಂದಲೇ ಹೋಗಬೇಕು. ಸ್ವಂತ ಹೆಸರಲ್ಲಿ ಒಂದು ಸೆಲ್ಫ್ ಇನ್‌ವಾಯ್ಸ್ ಮಾಡಿಟ್ಟು, 3ಬಿಯಲ್ಲಿ 3.1(ಡಿ) ಕೋಷ್ಟಕದಲ್ಲಿ ತೋರಿಸಿ, ಅದೇ ರಿಟರ್ನ್‌ನ 4ನೇ ಕೋಷ್ಟಕದಲ್ಲಿ ‘ಸೇವೆಗಳ ಆಮದು’ ಸಾಲಿನಲ್ಲಿ ಅಷ್ಟೇ ಮೊತ್ತ ಕ್ರೆಡಿಟ್ ತೆಗೆದುಕೊಳ್ಳಿ. ಆ 540 ಕಂಪನಿ ಬಿಲ್ಲಿನ ತೆರಿಗೆಗೆ ವಜಾ ಆಗುತ್ತದೆ.